ಎಲ್ಲವನ್ನೂ ಹೇಳಬಲ್ಲ ಜ್ಞಾನಭಾಷೆ ಮೊದಲೋ, ಸಮಯಕ್ಕೆ ಸಿಗುವ ಉತ್ತರ ಮೊದಲೋ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಯಂತ್ರಕ್ಕೆ ಜ್ಞಾನವನ್ನು ಬರೆದುಕೊಡುವ ಭಾಷೆ ಲೋಕದ ಯಾವ ಸಂಗತಿಯನ್ನಾದರೂ ಹೇಳುವಷ್ಟು ವಿಶಾಲವಾಗಿರಬೇಕು, ವೇಗದ ಚಿಂತೆಯನ್ನು ಆಮೇಲೆ ಮಾಡಬೇಕು ಎಂಬುದು ನನ್ನ ಖಚಿತವಾದ ನಿಲುವು. ಅದನ್ನು ಸಮರ್ಥಿಸುವುದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಡಗ್ಲಸ್ ಲೆನಾಟ್ 1984ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸೈಕ್ ಯೋಜನೆಯನ್ನು ಶುರು ಮಾಡಿದಾಗ, ಸಾಮಾನ್ಯ ಮನುಷ್ಯನಿಗೆ ಹೇಳದೆಯೇ ಗೊತ್ತಿರುವುದನ್ನೆಲ್ಲ ಯಂತ್ರಕ್ಕಾಗಿ ಬರೆದಿಡುವುದು ಅದರ ಗುರಿಯಾಗಿತ್ತು. ಮೊದಲು ಬಳಸಿದ್ದು ಫ್ರೇಮ್ ಎಂಬ ಸರಳ ರಚನೆ. ಒಂದು ವಸ್ತು, ಅದರ ಒಂದು ಗುಣ, ಆ ಗುಣದ ಮೌಲ್ಯ, ಇಷ್ಟರಲ್ಲೇ ಎಲ್ಲವನ್ನೂ ಹೇಳಬೇಕಿತ್ತು. “ಇದು ಇಲ್ಲ”, “ಇದು ಅಥವಾ ಅದು”, “ತಂದೆಗೆ ರೋಗದ ವಿಷಯ ತಿಳಿದಿಲ್ಲವೆಂದು ಮಗ ನಂಬಿದ್ದಾನೆ” ಎಂಬಂಥ ವಾಕ್ಯಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಹೀಗಾಗಿ ಅವರು ಸೈಕ್‌ಎಲ್ ಎಂಬ ವಿಶಾಲವಾದ ತರ್ಕಭಾಷೆಗೆ ಬಂದರು. ಅದು ನಿಧಾನವೆಂಬ ಆಕ್ಷೇಪಕ್ಕೂ ಅವರಲ್ಲಿ ಉತ್ತರವಿತ್ತು. ಮೇಲಿನ ಪದರದಲ್ಲಿ ಜ್ಞಾನವನ್ನು ಮನುಷ್ಯರಿಗೆ ಸ್ಪಷ್ಟವಾಗುವಂತೆ ಬರೆಯುವುದು, ಕೆಳಗಿನ ಪದರದಲ್ಲಿ ಅದೇ ಜ್ಞಾನವನ್ನು ಯಂತ್ರ ಬೇಗ ಬಳಸುವಂತೆ ಬೇರೆ ಬೇರೆ ರೂಪಗಳಲ್ಲಿ ಇಡುವುದು. ನಾಯಿ ಸಸ್ತನಿ, ಸಸ್ತನಿ ಪ್ರಾಣಿ ಎಂಬಂಥ ಸರಣಿ ಬಂದಾಗ ಕೆಳಪದರ ತರ್ಕಸೂತ್ರಗಳನ್ನು ಮುಟ್ಟುವುದೇ ಇಲ್ಲ, ಗ್ರಾಫ್ ಎಂಬ ಕೊಂಡಿಗಳ ಜಾಲದಲ್ಲಿ ಮೇಲಕ್ಕೆ ನಡೆದು ಉತ್ತರ ತರುತ್ತದೆ. ಇಂಥ 1,100ಕ್ಕೂ ಹೆಚ್ಚು ವಿಶೇಷ ಘಟಕಗಳು ಅಲ್ಲಿವೆ. ಈ ವಿಂಗಡಣೆಯ ಬೇರು ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ 1969ರಲ್ಲಿ ಬರೆದ ಲೇಖನದಲ್ಲೇ ಇದೆ. ಹೇಳುವ ಶಕ್ತಿಯನ್ನು ಮೊದಲೇ ಕತ್ತರಿಸಿ ಹಾಕುವವರು ಇದಕ್ಕೆ ಏನು ಹೇಳುತ್ತಾರೆಂದು ತಿಳಿಯಬಯಸುತ್ತೇನೆ.

ಲೆಕ್ಕಿಗ

“ವೇಗದ ಚಿಂತೆಯನ್ನು ಆಮೇಲೆ ಮಾಡಬೇಕು” ಎಂದಿದ್ದೀರಿ. ಆ ಆಮೇಲೆ ಬರುವುದೇ ಇಲ್ಲ ಎನ್ನುವುದಕ್ಕೆ ಗಣಿತದ ಸಾಕ್ಷ್ಯವಿದೆ. ಫಸ್ಟ್ ಆರ್ಡರ್ ಲಾಜಿಕ್ ಎಂಬ ಪ್ರಮಾಣಿತ ತರ್ಕಭಾಷೆಯಲ್ಲಿ ಬರೆದ ವಾಕ್ಯವೊಂದು ಎಲ್ಲ ಸಂದರ್ಭಗಳಲ್ಲೂ ಸತ್ಯವೇ ಎಂಬುದನ್ನು ತಪ್ಪದೆ ತೀರ್ಮಾನಿಸಿ ನಿಲ್ಲುವ ಕ್ರಮವಿಧಿ ಇರಲಾರದೆಂದು ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಕೊಟ್ಟರು. ಸೈಕ್‌ಎಲ್ ಅದಕ್ಕಿಂತಲೂ ದೊಡ್ಡ ಭಾಷೆ. ಸೈಕ್ ಹುಟ್ಟಿದ 1984ರಲ್ಲೇ ರಾನ್ ಬ್ರಾಕ್ಮನ್ ಮತ್ತು ಹೆಕ್ಟರ್ ಲೆವೆಕ್ ಒಂದು ಪುಟ್ಟ ಜ್ಞಾನಭಾಷೆಯನ್ನು ತೆಗೆದುಕೊಂಡು, ಒಂದು ಪರಿಕಲ್ಪನೆ ಇನ್ನೊಂದರ ಒಳಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಬೇಗ ಉತ್ತರ ಸಿಗುತ್ತದೆಂದೂ, ನಿರುಪದ್ರವಿಯಾಗಿ ಕಾಣುವ ಒಂದೇ ಒಂದು ರಚನೆಯನ್ನು ಸೇರಿಸಿದೊಡನೆ ಅದೇ ಪ್ರಶ್ನೆ ಕೈಮೀರುತ್ತದೆಂದೂ ಸಾಧಿಸಿದರು.

ನೀವು ಹೊಗಳಿದ ಸೈಕ್‌ನಲ್ಲೇ ಏನಾಯಿತೆಂಬುದನ್ನೂ ಪೂರ್ತಿಯಾಗಿ ಹೇಳಬೇಕಿತ್ತು. ಯಾವ ಪ್ರಶ್ನೆಗಾದರೂ ಕೈಹಾಕಬಲ್ಲ ಸಾಮಾನ್ಯ ಪ್ರಮೇಯಸಾಧಕ ಎಷ್ಟು ನಿಧಾನವಾಗಿತ್ತೆಂದರೆ ಅದನ್ನು ಕೊನೆಗೆ ನಿಲ್ಲಿಸಿಬಿಟ್ಟೆವೆಂದು ಲೆನಾಟ್ ಅವರೇ ಸಾರ್ವಜನಿಕವಾಗಿ ಹೇಳಿದ್ದಾರೆ.

ಇದಕ್ಕೆ ಎದುರಾಗಿ ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಕೋಶವನ್ನು ನೋಡಿ. ಮೂರೂವರೆ ಲಕ್ಷದಷ್ಟು ವೈದ್ಯಕೀಯ ಪರಿಕಲ್ಪನೆಗಳನ್ನು ಅದು ಇಎಲ್ ಎಂಬ ಚಿಕ್ಕ ಡಿಸ್ಕ್ರಿಪ್ಷನ್ ಲಾಜಿಕ್‌ನಲ್ಲಿ, ಅಂದರೆ ಪರಿಕಲ್ಪನೆಗಳನ್ನು ವ್ಯಾಖ್ಯಾನಿಸುವ ತರ್ಕಭಾಷೆಯಲ್ಲಿ, ಬರೆದಿಡುತ್ತದೆ. ಇಎಲ್‌ನಲ್ಲಿ ನಿಷೇಧವಿಲ್ಲ (ಅಂದರೆ “ಇದು ಇಲ್ಲ” ಎನ್ನಲಾಗದು), “ಅಥವಾ” ಇಲ್ಲ. ಅದನ್ನು ಬಿಟ್ಟುಕೊಟ್ಟದ್ದರಿಂದಲೇ ಎಲ್ಕ್ ಎಂಬ ರೀಸನರ್ (ಬರೆದಿಟ್ಟದ್ದರಿಂದ ತೀರ್ಮಾನಗಳನ್ನು ತೆಗೆಯುವ ತಂತ್ರಾಂಶ) ಆ ಇಡೀ ರಾಶಿಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಸೆಕೆಂಡುಗಳಲ್ಲಿ ವರ್ಗೀಕರಿಸಿ ಮುಗಿಸುತ್ತದೆ.

ತುಂಗಾತೀರ

“ನಿಲ್ಲಿಸಿಬಿಟ್ಟೆವು” ಎಂಬ ಮಾತನ್ನು ನೀವು ಸೋಲಿನ ಒಪ್ಪಿಗೆಯಂತೆ ಓದುತ್ತಿದ್ದೀರಿ. ನಿಲ್ಲಿಸಿದ್ದು ಒಂದು ಯಂತ್ರವನ್ನು, ಭಾಷೆಯನ್ನಲ್ಲ. ಬರೆದಿಟ್ಟ ವಾಕ್ಯಗಳಲ್ಲಿ ಒಂದನ್ನೂ ತೆಗೆಯಬೇಕಾಗಲಿಲ್ಲ. ನಾಳೆ ಹೊಸ ಘಟಕ ಬಂದರೆ ಅದಕ್ಕೆ ಬೇಕಾದ ಜ್ಞಾನ ಅಲ್ಲೇ ಕಾದಿರುತ್ತದೆ, ಭಾಷೆ ಉಳಿದಿರುತ್ತದೆ.

ಇನ್ನು ನಿಮ್ಮ ಗಣಿತದ ಸಾಕ್ಷ್ಯ ಅತಿ ಕೆಟ್ಟ ಸಂದರ್ಭದ ಮಾತು. ಪರಿಕಲ್ಪನೆಗಳನ್ನು ಒಂದರ ಮೇಲೊಂದು ವ್ಯಾಖ್ಯಾನಿಸುವ ಅವಕಾಶವಿದ್ದರೆ ಸಾಕು, ತೀರ ಚಿಕ್ಕ ಭಾಷೆಯೂ ಸೈದ್ಧಾಂತಿಕವಾಗಿ ಕಠಿಣವೇ ಎಂದು ಬರ್ನ್‌ಹಾರ್ಡ್ ನೇಬೆಲ್ 1990ರಲ್ಲಿ ತೋರಿಸಿದರು. ಆದರೂ ವ್ಯವಹಾರದಲ್ಲಿ ಯಾರೂ ಅದರಿಂದ ಕಷ್ಟಪಡಲಿಲ್ಲ. ಮನುಷ್ಯರು ಬರೆಯುವ ವ್ಯಾಖ್ಯಾನಗಳು ಅಷ್ಟು ಆಳಕ್ಕೆ ಹೋಗುವುದಿಲ್ಲ. ಇಯಾನ್ ಹಾರಕ್ಸ್ ಅವರ ಫ್ಯಾಕ್ಟ್ ಎಂಬ ರೀಸನರ್ 1998ರಲ್ಲಿ ಗೇಲನ್ ಎಂಬ ವೈದ್ಯಕೀಯ ಆಂಟಾಲಜಿಯನ್ನು (ಪರಿಕಲ್ಪನೆಗಳ ವ್ಯಾಖ್ಯಾನಕೋಶವನ್ನು) ಸಮೃದ್ಧವಾದ ಭಾಷೆಯಲ್ಲೇ ವರ್ಗೀಕರಿಸಿ ತೋರಿಸಿತು. ಕಾಗದದ ಮೇಲಿನ ಭಯಕ್ಕೆ ಹೆದರಿ ಭಾಷೆಯ ನಾಲಗೆ ಕತ್ತರಿಸುವುದು ಸರಿಯಲ್ಲ.

ಹಳೇ ಕೋಡು

“ಭಾಷೆ ಉಳಿದಿರುತ್ತದೆ” ಎಂದರೆ ಸಾಲದು, ಅರ್ಥ ಉಳಿದಿದೆಯೇ ಎಂಬುದು ಪ್ರಶ್ನೆ. ಮಾರ್ಸೆಯ್‌ನಲ್ಲಿ 1972ರಲ್ಲಿ ಹುಟ್ಟಿದ ಪ್ರೋಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತರ್ಕದ ಭಾಷೆಯೆಂದೇ ಕಲಿಸುತ್ತಾರೆ. ಒಂದು ಚರವನ್ನು (ವೇರಿಯಬಲ್) ಅದೇ ಚರವನ್ನು ಒಳಗೊಂಡ ಪದಕ್ಕೆ ಹೊಂದಿಸಬಾರದು ಎಂಬ ಪರಿಶೀಲನೆ ತರ್ಕಕ್ಕೆ ಕಡ್ಡಾಯ. ಪ್ರತಿ ಹೆಜ್ಜೆಯಲ್ಲೂ ಅದನ್ನು ಮಾಡಿದರೆ ನಿಧಾನವಾಗುತ್ತದೆಂದು ಹೆಚ್ಚಿನ ಪ್ರೋಲಾಗ್‌ಗಳು ಅದನ್ನು ಬಿಟ್ಟುಬಿಡುತ್ತವೆ. ಪರಿಣಾಮವನ್ನು ನೀವೇ ಪರೀಕ್ಷಿಸಬಹುದು. ಪ್ರತಿಯೊಬ್ಬರಿಗೂ ಒಬ್ಬ ತಂದೆಯಿದ್ದಾನೆ ಎಂಬ ಒಂದೇ ಸೂತ್ರವನ್ನು ಬರೆದು, ತನಗೆ ತಾನೇ ತಂದೆಯಾದವನು ಇದ್ದಾನೆಯೇ ಎಂದು ಕೇಳಿ. ಇದ್ದಾನೆ ಎಂಬ ಉತ್ತರ ಬರುತ್ತದೆ. ವೇಗಕ್ಕಾಗಿ ಭಾಷೆಯನ್ನು ಬಹಿರಂಗವಾಗಿ ಕಿರಿದುಗೊಳಿಸುವುದು ಪ್ರಾಮಾಣಿಕತೆ. ಭಾಷೆಯನ್ನು ಹಿಗ್ಗಿಸಿ ತೋರಿಸಿ ಒಳಗೊಳಗೇ ಕಳ್ಳದಾರಿ ಹಿಡಿಯುವುದು ಅಪ್ರಾಮಾಣಿಕತೆ. ಸೈಕ್‌ನ ಕೆಳಪದರದ ಸಾವಿರ ಘಟಕಗಳು ಮೇಲಿನ ಪದರದ ಅರ್ಥವನ್ನೇ ಪಾಲಿಸುತ್ತವೆ ಎಂಬುದಕ್ಕೆ ನಿಮ್ಮ ಬಳಿ ಏನು ಆಧಾರವಿದೆ?

ರಾತ್ರಿಪಾಳಿ

ಲೆಕ್ಕಿಗ ಅವರು “ಸೆಕೆಂಡುಗಳಲ್ಲಿ” ಎಂದು ಹೆಮ್ಮೆಯಿಂದ ಬರೆದಿರುವುದರಿಂದ ಈ ಚರ್ಚೆಗೆ ಬರುತ್ತಿದ್ದೇನೆ. ನಾನು ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ. ಭಾರತ 2014ರಲ್ಲಿ ಸ್ನೋಮೆಡ್‌ನ ಸದಸ್ಯ ರಾಷ್ಟ್ರವಾಯಿತು, ಆದ್ದರಿಂದ ಈ ಪದಕೋಶ ನಮ್ಮ ತಂತ್ರಾಂಶಗಳ ಒಳಗೂ ಬಂದಿದೆ.

ಬೈಕಿನಿಂದ ಬಿದ್ದು ಬಂದ ಯುವಕನ ತಲೆಯ ಸ್ಕ್ಯಾನ್ ನೋಡಿ “ತಲೆಬುರುಡೆಯ ಮುರಿತ ಇಲ್ಲ” ಎಂದು ಬರೆಯುತ್ತೇವೆ. ಸ್ನೋಮೆಡ್‌ನಲ್ಲಿ ನಿಷೇಧ ಇಲ್ಲದಿರುವುದರಿಂದ ಇದನ್ನು ಎರಡು ತುಂಡುಗಳಾಗಿ ಬರೆಯಬೇಕು: ಸಂಬಂಧಿಸಿದ ಲಕ್ಷಣ ಬುರುಡೆಯ ಮುರಿತ, ಅದರ ಸ್ಥಿತಿ “ಇಲ್ಲವೆಂದು ತಿಳಿದಿದೆ”. ಈಗ ರೀಸನರ್ ಏನು ಮಾಡುತ್ತದೆ? ಬುರುಡೆಯ ಮುರಿತ ಎಂಬುದು ಮೂಳೆ ಮುರಿತದ ಒಂದು ಬಗೆ, ಸ್ಥಿತಿ ಎರಡರಲ್ಲೂ ಒಂದೇ, ಆದ್ದರಿಂದ “ಬುರುಡೆಯ ಮುರಿತ ಇಲ್ಲ” ಎಂಬುದು “ಮೂಳೆ ಮುರಿತ ಇಲ್ಲ” ಎಂಬುದರ ಒಂದು ಬಗೆ ಎಂದು ತೀರ್ಮಾನಿಸುತ್ತದೆ. ಆ ಯುವಕನ ತೊಡೆಯ ಮೂಳೆ ಎರಡು ತುಂಡಾಗಿರಬಹುದು; ಆದರೂ ಮೂಳೆ ಮುರಿತ ಇಲ್ಲದವರ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ. ತರ್ಕ ಇರಬೇಕಾದ್ದು ಇದಕ್ಕೆ ತದ್ವಿರುದ್ಧ: ಯಾವ ಮೂಳೆಯೂ ಮುರಿದಿಲ್ಲ ಎಂದಾದರೆ ಬುರುಡೆಯೂ ಮುರಿದಿಲ್ಲ. ತಪ್ಪು ಉತ್ತರ ಸೆಕೆಂಡಿನಲ್ಲಿ ಸಿಕ್ಕರೆ ಅದರಿಂದ ನನಗೇನು ಪ್ರಯೋಜನ?

ಲೆಕ್ಕಿಗ

ಡಾಕ್ಟರೇ, ನೀವು ಹೇಳಿದ ದೋಷ ನಿಜ, ಅದು ಎಲ್ಲರಿಗೂ ಗೊತ್ತಿರುವ ದೋಷ. ಆದರೆ ಅದು ಭಾಷೆಯ ತಪ್ಪಲ್ಲ, ಆ ಭಾಷೆಯಲ್ಲಿ ಬರೆಯಬಾರದ್ದನ್ನು ಬರೆದವರ ತಪ್ಪು. ಮೂಳೆ ಮುರಿತ ಎಂದರೇನು ಎಂಬುದು ಪದಕೋಶದ ಪ್ರಶ್ನೆ. ಈ ರೋಗಿಗೆ ಅದು ಇದೆಯೋ ಇಲ್ಲವೋ ಎಂಬುದು ರೋಗಿಯ ದಾಖಲೆಯ ಪ್ರಶ್ನೆ. ಆಸ್ಪತ್ರೆಗಳ ನಡುವೆ ಮಾಹಿತಿ ವಿನಿಮಯಕ್ಕೆ ಬಳಸುವ ಫೈರ್ ಮಾದರಿಯಲ್ಲಿ, ಒಂದು ರೋಗವನ್ನು ಪರೀಕ್ಷಿಸಿ ತಳ್ಳಿಹಾಕಲಾಗಿದೆ ಎಂದು ದಾಖಲಿಸುವುದಕ್ಕೆ ಪ್ರತ್ಯೇಕ ಕ್ಷೇತ್ರವೇ ಇದೆ. “ಇಲ್ಲ” ಎಂದು ಗುರುತಾದ ದಾಖಲೆಗಳಿಗೆ ಮಾತ್ರ ವರ್ಗಶ್ರೇಣಿಯಲ್ಲಿ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಇಳಿದರೆ ಕೆಲಸ ಮುಗಿಯಿತು. ಅದು ಹತ್ತು ಸಾಲಿನ ಪ್ರೋಗ್ರಾಂ. ಈ ಹತ್ತು ಸಾಲಿಗಾಗಿ ಇಡೀ ಭಾಷೆಗೆ ನಿಷೇಧವನ್ನು ಸೇರಿಸಿದರೆ ಇಎಲ್ ಭಾಷೆ ಎಎಲ್‌ಸಿ ಎಂಬ ದೊಡ್ಡ ಭಾಷೆಯಾಗಿಬಿಡುತ್ತದೆ, ಬೇಕಾಗುವ ಸಮಯ ಅತಿ ಕೆಟ್ಟ ಸಂದರ್ಭದಲ್ಲಿ ಘಾತಾಂಕದಂತೆ ಏರುತ್ತದೆ. “ಅಥವಾ” ಒಂದನ್ನು ಸೇರಿಸಿದರೂ ಅದೇ ಗತಿಯೆಂದು ಬಾಡರ್, ಬ್ರಾಂಟ್ ಮತ್ತು ಲುಟ್ಸ್ 2005ರಲ್ಲಿ ಸಾಧಿಸಿದ್ದಾರೆ.

ಗೇಲನ್ ಬಗ್ಗೆ ತುಂಗಾತೀರ ಅವರು ಅರ್ಧ ಕಥೆಯನ್ನು ಮಾತ್ರ ಹೇಳಿದ್ದಾರೆ. ಫ್ಯಾಕ್ಟ್ ವರ್ಗೀಕರಿಸಿದ್ದು ಗೇಲನ್‌ನಿಂದ ಆಯ್ದ ಭಾಗವನ್ನು. ಪೂರ್ಣ ಗೇಲನ್ ಮತ್ತೂ ಹನ್ನೊಂದು ವರ್ಷ ಯಾರ ಕೈಗೂ ಬಗ್ಗಲಿಲ್ಲ. 2009ರಲ್ಲಿ ಯೆವ್ಗೆನಿ ಕಜಕೋವ್ ಅದನ್ನು ಬಗ್ಗಿಸಿದಾಗ, “ಅಥವಾ” ಇಲ್ಲದ ಹಾರ್ನ್ ಭಾಷೆಗೆ ಸೀಮಿತವಾದ ವಿಧಾನದಿಂದಲೇ ಬಗ್ಗಿಸಿದರು.

ತುಂಗಾತೀರ

“ಅದು ಹತ್ತು ಸಾಲಿನ ಪ್ರೋಗ್ರಾಂ.” ಈ ಒಂದು ವಾಕ್ಯದಲ್ಲಿ ನಮ್ಮ ಇಡೀ ವಿವಾದ ಇದೆ. ಆ ಹತ್ತು ಸಾಲುಗಳಲ್ಲಿ ಇರುವುದು ಜ್ಞಾನವಲ್ಲದೆ ಇನ್ನೇನು? “ಇಲ್ಲ” ಎಂಬುದು ಶ್ರೇಣಿಯ ದಿಕ್ಕನ್ನು ತಿರುಗಿಸುತ್ತದೆ ಎಂಬ ತಿಳಿವಳಿಕೆಯನ್ನು ಭಾಷೆ ಹೇಳಲು ಬಿಡಲಿಲ್ಲ, ಆದ್ದರಿಂದ ಅದು ಯಾರೋ ಬರೆದ ಪ್ರೋಗ್ರಾಮಿನೊಳಗೆ ಹೋಗಿ ಕೂತಿತು. ಅಲ್ಲಿ ಅದನ್ನು ವೈದ್ಯರು ಓದಲಾರರು, ರೀಸನರ್ ಪರಿಶೀಲಿಸಲಾರದು. ಇನ್ನೊಂದು ಆಸ್ಪತ್ರೆಯ ತಂತ್ರಾಂಶ ಅದೇ ಹತ್ತು ಸಾಲನ್ನು ಬರೆದಿದೆಯೇ ಇಲ್ಲವೇ ಎಂದು ತಿಳಿಯುವ ದಾರಿಯೂ ಇರುವುದಿಲ್ಲ. ನಿಮ್ಮ ಸೆಕೆಂಡುಗಳ ಲೆಕ್ಕದಲ್ಲಿ ಆ ಸಾಲುಗಳ ಖರ್ಚು ಎಲ್ಲಿದೆ? ಜಾನ್ ಡಾಯ್ಲ್ ಮತ್ತು ರಮೇಶ್ ಪಾಟೀಲ್ 1991ರಲ್ಲಿ ಭಾಷೆಯನ್ನು ಕಿರಿದುಗೊಳಿಸುವವರ ವಿರುದ್ಧ ಎತ್ತಿದ ಆಕ್ಷೇಪವೂ ಇದೇ ದಿಕ್ಕಿನದು. ಭಾಷೆ ಹೇಳಲಾರದ್ದನ್ನು ಬಳಕೆದಾರ ಹೊರಗೆ ಕೈಯಾರೆ ಮಾಡಬೇಕಾಗುತ್ತದೆ, ಹಾಗಾಗಿ ಒಟ್ಟು ವ್ಯವಸ್ಥೆಗೆ ಯಾವ ಲಾಭವೂ ಆಗುವುದಿಲ್ಲ.

ಹಳೇ ಕೋಡು

ತುಂಗಾತೀರ ಅವರು ನನ್ನ ಪ್ರಶ್ನೆಯನ್ನು ಜಾಣತನದಿಂದ ದಾಟಿ ಹೋಗಿದ್ದಾರೆ. ಲೆಕ್ಕಿಗರ ಹತ್ತು ಸಾಲು ಪ್ರೋಗ್ರಾಮಿನೊಳಗೆ “ಹೋಗಿ ಕೂತರೆ” ಅದು ಅಪರಾಧ. ಸೈಕ್‌ನ 1,100 ಘಟಕಗಳು ಪ್ರೋಗ್ರಾಮಿನೊಳಗೆ ಕೂತರೆ ಅದು ವಾಸ್ತುಶಿಲ್ಪ. ಈ ಎರಡು ನಾಲಗೆಯ ವಾದವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಘಟಕಗಳನ್ನು ಯಾವ ವೈದ್ಯರು ಓದಿದ್ದಾರೆ?

ತುಂಗಾತೀರ

ವ್ಯತ್ಯಾಸ ಸ್ಪಷ್ಟವಾಗಿದೆ, ನೋಡುವ ಮನಸ್ಸು ಬೇಕು. ಸೈಕ್‌ನ ಘಟಕ ಒಂದು ವಾಕ್ಯವನ್ನು ಬೇಗ ಬಳಸುತ್ತದೆ, ಆ ವಾಕ್ಯ ಮೇಲಿನ ಪದರದಲ್ಲಿ ಎಲ್ಲರಿಗೂ ಕಾಣುವಂತೆ ಉಳಿದಿರುತ್ತದೆ. ಘಟಕ ತಪ್ಪಿದರೆ ಯಾವುದಕ್ಕೆ ಹೋಲಿಸಿ ತಪ್ಪೆನ್ನಬೇಕು ಎಂಬುದು ಬರವಣಿಗೆಯಲ್ಲಿದೆ. ಲೆಕ್ಕಿಗರ ಹತ್ತು ಸಾಲಿಗೆ ಮೇಲೆ ಯಾವ ವಾಕ್ಯವೂ ಇಲ್ಲ. ನೀವು ಕೊಟ್ಟ ಪ್ರೋಲಾಗ್ ಉದಾಹರಣೆ ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ: ತನಗೆ ತಾನೇ ತಂದೆ ಎಂಬ ಉತ್ತರ ತಪ್ಪೆಂದು ನೀವು ಹೇಳಲಾದದ್ದು ತರ್ಕದ ಪೂರ್ಣ ಅರ್ಥ ನಿಮ್ಮ ಎದುರಿಗೆ ಇದ್ದುದರಿಂದ.

ಹಳೇ ಕೋಡು

ನನ್ನ ಉದಾಹರಣೆಯನ್ನು ನನ್ನ ವಿರುದ್ಧವೇ ತಿರುಗಿಸಿದ್ದೀರಿ, ಆದರೆ ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಬರವಣಿಗೆಯಲ್ಲಿ ಇದ್ದರೆ ಸಾಕೇ? ದಶಕಗಳಿಂದ ಕೆಲಸ ಮಾಡುತ್ತಿರುವ ಪ್ರೋಗ್ರಾಮರ್ ಆಗಿ ಹೇಳುತ್ತಿದ್ದೇನೆ, ಓಡದ ವಿವರಣೆಯನ್ನು ಯಾರೂ ತಿದ್ದುವುದಿಲ್ಲ. ಯಾವ ಯಂತ್ರವೂ ಪೂರ್ತಿಯಾಗಿ ಪರೀಕ್ಷಿಸದ ಲಕ್ಷಾಂತರ ವಾಕ್ಯಗಳಲ್ಲಿ ಎಷ್ಟು ಪರಸ್ಪರ ವಿರೋಧಗಳಿವೆಯೆಂದು ಹೇಗೆ ತಿಳಿಯುತ್ತೀರಿ? ಇಡೀ ಸಂಗ್ರಹ ಒಟ್ಟಾರೆ ಸುಸಂಗತವಾಗಿರಬೇಕಾಗಿಲ್ಲ ಎಂದೇ ಸೈಕ್ ತನ್ನ ಜ್ಞಾನವನ್ನು ಮೈಕ್ರೋಥಿಯರಿ ಎಂಬ ಸಣ್ಣ ಸಣ್ಣ ಕೋಣೆಗಳಾಗಿ ಒಡೆದಿಟ್ಟಿತು. ಸಾರ್ವತ್ರಿಕ ಎಂಬ ಹೆಸರನ್ನಿಟ್ಟುಕೊಂಡು ಒಳಗೆ ಗೋಡೆ ಕಟ್ಟಿಕೊಂಡವರು ನಮಗೆ ಪಾಠ ಹೇಳಬೇಕಾಗಿಲ್ಲ!

ಗಣಿತಪ್ರಿಯೆ

ಹಳೆಯ ಯೋಜನೆಗಳ ಬಗ್ಗೆ ಇಷ್ಟು ಬಿಸಿಯಾಗುವ ಬದಲು ಈಚಿನ ಒಂದು ಸಾಕ್ಷ್ಯವನ್ನು ನೋಡಬೇಕೆಂದು ವಿನಂತಿಸುತ್ತೇನೆ. 2024ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಪ್ರಶ್ನೆಗಳನ್ನು ಗೂಗಲ್ ಡೀಪ್‌ಮೈಂಡ್ ಎರಡು ತಂತ್ರಾಂಶಗಳಿಗೆ ಕೊಟ್ಟಿತು. ಆಲ್ಫಾಜಿಯೊಮೆಟ್ರಿ 2 ಸಮತಲ ರೇಖಾಗಣಿತವನ್ನು ಮಾತ್ರ ಹೇಳಬಲ್ಲ ಕಿರಿದಾದ ಭಾಷೆಯಲ್ಲಿ ಕೆಲಸ ಮಾಡುತ್ತದೆ. ಆಲ್ಫಾಪ್ರೂಫ್ ಬಳಸುವುದು ಲೀನ್ ಎಂಬ ಭಾಷೆಯನ್ನು. ಗಣಿತದಲ್ಲಿ ಹೇಳಬಹುದಾದದ್ದನ್ನೆಲ್ಲ ಅದರಲ್ಲಿ ಹೇಳಬಹುದು. ನಾಲ್ಕನೆಯ ಪ್ರಶ್ನೆಯನ್ನು ಮನುಷ್ಯರು ಆ ಕಿರುಭಾಷೆಗೆ ಬರೆದುಕೊಟ್ಟ ಮೇಲೆ ಮೊದಲನೆಯ ತಂತ್ರಾಂಶ 19 ಸೆಕೆಂಡುಗಳಲ್ಲಿ ಬಿಡಿಸಿತು. ಎರಡನೆಯದು ಮೂರು ಪ್ರಶ್ನೆಗಳನ್ನು ಬಿಡಿಸಿತು, ಆದರೆ ಕೆಲವಕ್ಕೆ ಮೂರು ದಿನಗಳವರೆಗೂ ತೆಗೆದುಕೊಂಡಿತು. ಸ್ಪರ್ಧಿಗಳಿಗೆ ಸಿಗುವುದು ದಿನಕ್ಕೆ ನಾಲ್ಕೂವರೆ ಗಂಟೆ, ಎರಡು ದಿನ. ಭಾಷೆಯ ವಿಸ್ತಾರಕ್ಕೆ ತೆರುವ ಬೆಲೆ ಇಷ್ಟು ಕಣ್ಣಿಗೆ ಕಟ್ಟುವಂತೆ ಬೇರೆಲ್ಲೂ ಸಿಗಲಾರದು. ನನ್ನ ಅಭಿಪ್ರಾಯದಲ್ಲಿ ಎರಡೂ ಭಾಷೆಗಳು ಬೇಕು.

ಲೆಕ್ಕಿಗ

“19 ಸೆಕೆಂಡುಗಳು” ಮತ್ತು “ಮೂರು ದಿನ”. ಇದನ್ನು ನಾನು ಹೇಳಿದ್ದರೆ ಪಕ್ಷಪಾತ ಎನ್ನುತ್ತಿದ್ದರು. ಧನ್ಯವಾದಗಳು, ಮೇಡಂ.

ತುಂಗಾತೀರ

ಮೂರು ಪ್ರಶ್ನೆಗಳನ್ನು ಬಿಡಿಸಿದ್ದು ಸಾರ್ವತ್ರಿಕ ಭಾಷೆ, ಒಂದನ್ನು ಬಿಡಿಸಿದ್ದು ಕಿರಿದಾದ ಭಾಷೆ ಎಂಬ ಲೆಕ್ಕವನ್ನು ಲೆಕ್ಕಿಗರು ಓದಲಿಲ್ಲ. ಇನ್ನೂ ಮುಖ್ಯವಾದದ್ದು, ಮೊದಲ ಆಲ್ಫಾಜಿಯೊಮೆಟ್ರಿಯ ಭಾಷೆ 2000ದಿಂದ 2024ರವರೆಗಿನ ಒಲಿಂಪಿಯಾಡ್ ರೇಖಾಗಣಿತ ಪ್ರಶ್ನೆಗಳಲ್ಲಿ ಶೇ 66ನ್ನು ಮಾತ್ರ ಹೇಳಬಲ್ಲದಾಗಿತ್ತು. ಚಲಿಸುವ ಬಿಂದುಗಳ ಪ್ರಶ್ನೆಯನ್ನು ಅದಕ್ಕೆ ಕೇಳುವುದಕ್ಕೇ ಆಗುತ್ತಿರಲಿಲ್ಲ. ಎರಡನೆಯ ಆವೃತ್ತಿಯಲ್ಲಿ ಭಾಷೆಯನ್ನು ಹಿಗ್ಗಿಸಿದ ಮೇಲೆ ಅದು ಶೇ 88ಕ್ಕೆ ಏರಿತು. ಅದೇ ಹೊತ್ತಿಗೆ ತೀರ್ಮಾನಗಳನ್ನು ತೆಗೆಯುವ ಯಂತ್ರವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಮತ್ತೆ ಬರೆದು 300 ಪಟ್ಟಿಗೂ ಹೆಚ್ಚು ವೇಗವನ್ನು ಗಳಿಸಿದರು. ಹೇಳುವ ಶಕ್ತಿಯನ್ನು ಹೆಚ್ಚಿಸಿದರೆ ವೇಗ ಸಾಯಲೇಬೇಕೆಂಬ ನಿಯಮವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದು?

ಸಾಗರಿಗ

ಈ ಭಾಷೆಗಳೆಲ್ಲ ಏಕೆ ಬೇಕು ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ದೊಡ್ಡ ಭಾಷಾ ಮಾದರಿಗಳಿಗೆ ಕೇಸ್ ಶೀಟನ್ನು ಹಾಗೆಯೇ ಕೊಟ್ಟರೆ ಬುರುಡೆ ಮುರಿದಿದೆಯೋ ಇಲ್ಲವೋ ಎಂದು ಅವು ಹೇಳುತ್ತವೆ. ಕನ್ನಡ, ಇಂಗ್ಲಿಷ್‌ಗಳೇ ಸಾರ್ವತ್ರಿಕ ಜ್ಞಾನಭಾಷೆಗಳು.

ರಾತ್ರಿಪಾಳಿ

ಒಂದು ಕೇಸ್ ಶೀಟಿಗೆ ಅವು ಚೆನ್ನಾಗಿಯೇ ಹೇಳುತ್ತವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಒಂದು ವರ್ಷದ ಅಷ್ಟೂ ದಾಖಲೆಗಳಲ್ಲಿ ಮೂಳೆ ಮುರಿತವಿಲ್ಲದವರೆಷ್ಟು ಎಂದು ಕೇಳಿದರೆ ಪ್ರತಿ ಸಲವೂ ಅದೇ ಉತ್ತರ ಬರಬೇಕು, ಏಕೆ ಹಾಗೆಂದಿತು ಎಂಬುದನ್ನೂ ತೋರಿಸಬೇಕು.

ಲೆಕ್ಕಿಗ ಅವರೇ, ನೀವು ಒಲಿಂಪಿಯಾಡ್‌ಗೆ ಹೋಗಿ ಬಂದಿರಿ. ನಾನು ಇನ್ನೂ ಕ್ಯಾಷುಯಾಲ್ಟಿಯಲ್ಲೇ ನಿಂತಿದ್ದೇನೆ. “ಕೆಳಕ್ಕೆ ಇಳಿದರೆ ಕೆಲಸ ಮುಗಿಯಿತು” ಎಂದಿರಿ. “ತಂದೆಗೆ ಮಧುಮೇಹ ಇತ್ತು” ಎಂದು ಬರೆದರೆ ಶ್ರೇಣಿಯಲ್ಲಿ ಮೇಲಕ್ಕೆ ಹೋಗಬೇಕು. “ಕುಟುಂಬದಲ್ಲಿ ಯಾರಿಗೂ ಮಧುಮೇಹ ಇಲ್ಲ” ಎಂದರೆ ಕೆಳಕ್ಕೆ ಇಳಿಯಬೇಕು. “ಬುರುಡೆಯ ಮುರಿತದ ಶಂಕೆ ಇದೆ” ಎಂದರೆ ಮೇಲಕ್ಕೆ. “ಮಣಿಕಟ್ಟಿನ ಹೊರತು ಬೇರೆಲ್ಲೂ ಮುರಿತ ಇಲ್ಲ” ಎಂದರೆ ಕೆಳಕ್ಕೆ ಇಳಿದು, ಒಂದು ಕೊಂಬೆಯನ್ನು ಬಿಟ್ಟು ಉಳಿದವುಗಳಿಗೆ ಹೋಗಬೇಕು. ಇವೆಲ್ಲ ನಾವು ಪ್ರತಿದಿನ ಬರೆಯುವ ವಾಕ್ಯಗಳು. ನಿಮ್ಮ ಹತ್ತು ಸಾಲು ಎಷ್ಟು ಸಾಲಾಗುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿ.

ಲೆಕ್ಕಿಗ

“ಪ್ರಾಮಾಣಿಕವಾಗಿ” ಎಂಬ ಪದವನ್ನು ಬಳಸಬೇಕಾದ ಅಗತ್ಯವಿರಲಿಲ್ಲ, ಡಾಕ್ಟರೇ. ನಾನು ಇಲ್ಲಿ ಯಾವುದನ್ನೂ ಮುಚ್ಚಿಟ್ಟಿಲ್ಲ. ಹೊರತುಪಡಿಸುವ ವಾಕ್ಯಗಳು ಬಂದರೆ ಪ್ರೋಗ್ರಾಂ ಬೆಳೆಯುತ್ತದೆ. ಬೆಳೆದರೂ ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ನಾನು ಮೊದಲೇ ಹೇಳಬಲ್ಲೆ. ಪೂರ್ಣ ನಿಷೇಧವಿರುವ ಭಾಷೆಯಲ್ಲಿ ಯಾರೋ ಒಬ್ಬರು ಮುಗ್ಧವಾಗಿ ಸೇರಿಸಿದ ಒಂದೇ ವಾಕ್ಯದಿಂದ ನಿನ್ನೆಯವರೆಗೆ ನಿಮಿಷದಲ್ಲಿ ಮುಗಿಯುತ್ತಿದ್ದ ವರ್ಗೀಕರಣ ಇಂದು ಮುಗಿಯದೇ ಹೋಗಬಹುದು, ಯಾವ ವಾಕ್ಯದಿಂದ ಹಾಗಾಯಿತೆಂದು ಹುಡುಕುವುದೂ ಕಷ್ಟ. ಅಂದಹಾಗೆ, ಇಎಲ್‌ನ ವಿಸ್ತೃತ ರೂಪದಲ್ಲಿ, ಎರಡು ಪರಿಕಲ್ಪನೆಗಳು ಒಟ್ಟಿಗೆ ಇರಲಾರವು ಎಂದು ಹೇಳುವ ಅವಕಾಶವಿದೆ. ನಿಷೇಧವೇ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲ.

ಹಳೇ ಕೋಡು

“ನಿಷೇಧವಿಲ್ಲ” ಎಂದು ಮೊದಲು ಬರೆದವರು ನೀವೇ, ಲೆಕ್ಕಿಗರೇ. ಮೇಲೆ ಹೋಗಿ ಓದಿಕೊಳ್ಳಿ.

ತುಂಗಾತೀರ

ಒಟ್ಟಿಗೆ ಇರಲಾರವು ಎನ್ನುವುದು ಬೇರೆ, ಒಂದು ಇಲ್ಲದಿದ್ದುದೆಲ್ಲ ಎನ್ನುವುದು ಬೇರೆ. ಡಾಕ್ಟರ್ ಕೇಳುತ್ತಿರುವುದು ಎರಡನೆಯದನ್ನು. ಯಾವ ವಾಕ್ಯ ಭಾರವಾಗುತ್ತದೆಂದು ತಿಳಿಯದೆ ವ್ಯವಸ್ಥೆ ಕುಸಿಯುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಆಕ್ಸ್‌ಫರ್ಡ್‌ನವರು 2012ರಲ್ಲಿ ಮೋರ್ ಎಂಬ ರೀಸನರ್ ಅನ್ನು ಹೊರತಂದರು. ಆಂಟಾಲಜಿಯಲ್ಲಿ ಯಾವ ಪರಿಕಲ್ಪನೆಗಳನ್ನು ಇಎಲ್‌ಗೆ ಸೇರಿದ ವಾಕ್ಯಗಳಿಂದಲೇ ಪೂರ್ತಿಯಾಗಿ ವರ್ಗೀಕರಿಸಬಹುದೆಂದು ಅದು ಮೊದಲು ಕಂಡುಹಿಡಿದು, ಅವನ್ನು ಎಲ್ಕ್‌ಗೆ ಒಪ್ಪಿಸುತ್ತದೆ, ಉಳಿದವನ್ನು ಮಾತ್ರ ಹರ್ಮಿಟ್ ಎಂಬ ಪೂರ್ಣ ಪ್ರಮಾಣದ ರೀಸನರ್‌ಗೆ ಕಳಿಸುತ್ತದೆ. ಬರೆಯುವವರಿಗೆ ಇಡೀ ಭಾಷೆ ತೆರೆದಿರುತ್ತದೆ, ಕೆಳಗೆ ಪ್ರತಿಯೊಂದು ಭಾಗವೂ ತನಗೆ ತಕ್ಕ ಯಂತ್ರಕ್ಕೆ ಹೋಗುತ್ತದೆ. ನಾನು ಮೊದಲ ಬರಹದಲ್ಲಿ ಹೇಳಿದ ಎರಡು ಪದರಗಳು ಇವೇ.

ಲೆಕ್ಕಿಗ

ಮೋರ್ ನಿಮ್ಮ ಪಕ್ಷದ ಸಾಕ್ಷಿಯಲ್ಲ. ಅದು ವೇಗವಾಗಿರುವುದು ಇಎಲ್ ಎಂಬ ಗಡಿ ಇರುವುದರಿಂದ, ಹೆಚ್ಚಿನ ಪರಿಕಲ್ಪನೆಗಳು ಆ ಗಡಿಯನ್ನು ದಾಟದೆ ಉಳಿದಿರುವುದರಿಂದ. ಎಲ್ಲರೂ ಮನಸ್ಸಿಗೆ ಬಂದಂತೆ ನಿಷೇಧವನ್ನು ಬಳಸಿದ ದಿನ ಎಲ್ಕ್‌ಗೆ ಕೆಲಸವೇ ಇರುವುದಿಲ್ಲ, ಎಲ್ಲವೂ ಹರ್ಮಿಟ್‌ನ ತಲೆಗೆ ಬರುತ್ತದೆ. ಗಡಿಯನ್ನು ಪಾಲಿಸಿದವರ ಶಿಸ್ತಿನ ಫಲವನ್ನು ಗಡಿ ಬೇಡವೆಂದವರು ತಮ್ಮದೆನ್ನುವುದು ನ್ಯಾಯವಲ್ಲ.

ರಾತ್ರಿಪಾಳಿ

ಮನಸ್ಸಿಗೆ ಬಂದಂತೆ ನಿಷೇಧವನ್ನು ಬಳಸುತ್ತೇವೆಂದು ನಾನು ಹೇಳಿಲ್ಲ. ನಾನು ಕೇಳುತ್ತಿರುವುದು “ಸ್ಥಿತಿ” ಎಂಬ ಒಂದು ವಿಭಾಗಕ್ಕೆ ಮಾತ್ರ. “ಬುರುಡೆಯ ಮುರಿತ ಇಲ್ಲ” ಎಂಬ ಪರಿಕಲ್ಪನೆ ಬುರುಡೆಯ ಮುರಿತವನ್ನು ಹೆಸರಿಸುತ್ತದೆ. ಬುರುಡೆಯ ಮುರಿತದ ವ್ಯಾಖ್ಯಾನ “ಇಲ್ಲ” ಎಂಬುದನ್ನು ಎಲ್ಲೂ ಹೆಸರಿಸುವುದಿಲ್ಲ. ಅವಲಂಬನೆ ಒಂದೇ ದಿಕ್ಕಿನದು. ತುಂಗಾತೀರ ಅವರು ಹೇಳಿದ ತಂತ್ರಾಂಶ ಹಾಗೆ ಕೆಲಸ ಮಾಡುವುದಾದರೆ, ರೋಗಗಳೆಲ್ಲ ನಿಮ್ಮ ವೇಗದ ಯಂತ್ರದಲ್ಲೇ ಉಳಿಯಬೇಕಲ್ಲವೇ?

ತುಂಗಾತೀರ

ಖಂಡಿತವಾಗಿ ಉಳಿಯುತ್ತವೆ. ರೋಗ, ಅಂಗ, ಔಷಧಗಳ ವರ್ಗೀಕರಣ ಈಗಿನಂತೆಯೇ ಎಲ್ಕ್‌ನಲ್ಲಿ ಮುಗಿಯುತ್ತದೆ, ಸ್ಥಿತಿಯ ವಿಭಾಗ ಒಂದು ಮಾತ್ರ ಹರ್ಮಿಟ್‌ಗೆ ಹೋಗುತ್ತದೆ. ಹತ್ತು ಸಾಲಿನ ಪ್ರೋಗ್ರಾಮಿನ ಜಾಗದಲ್ಲಿ ಎಲ್ಲರೂ ಓದಬಹುದಾದ ಒಂದು ವಾಕ್ಯ ಬರುತ್ತದೆ.

ಲೆಕ್ಕಿಗ

ಸ್ಥಿತಿಯ ವಿಭಾಗ ಒಂದು ಮಾತ್ರ ಹೋಗುವುದಿಲ್ಲ. “ಬುರುಡೆಯ ಮುರಿತ ಇಲ್ಲ” ಎಂಬುದರ ಜಾಗವನ್ನು ನಿರ್ಧರಿಸಬೇಕಾದರೆ ಮುರಿತಗಳ ವ್ಯಾಖ್ಯಾನಗಳೂ ಹರ್ಮಿಟ್‌ಗೆ ಬೇಕು, ಮುರಿತಗಳಿಗೆ ಮೂಳೆಗಳ ವ್ಯಾಖ್ಯಾನ ಬೇಕು, ಮೂಳೆಗಳಿಗೆ ಅಂಗರಚನೆಯ ಶ್ರೇಣಿ ಬೇಕು. ರೋಗಗಳನ್ನು ವರ್ಗೀಕರಿಸುವ ಕೆಲಸ ಎಲ್ಕ್‌ನಲ್ಲಿ ಉಳಿದರೂ ಆ ವಾಕ್ಯಗಳ ಹೊರೆ ಎರಡೂ ಕಡೆ ಬೀಳುತ್ತದೆ. ಸ್ಥಿತಿಯ ವಿಭಾಗವನ್ನು ನೀವು ಹೇಳಿದಂತೆ ನಿಷೇಧದೊಂದಿಗೆ ಬರೆದು, ಇಡೀ ಸ್ನೋಮೆಡ್ ಜೊತೆ ಮೋರ್‌ನಲ್ಲಿ ಓಡಿಸಿ, ಎಷ್ಟು ಹೊತ್ತಾಯಿತೆಂದು ಇಲ್ಲಿ ಬರೆಯಿರಿ. ಅದಕ್ಕೆ ಮೊದಲು ನನ್ನ ಹತ್ತು ಸಾಲನ್ನು ನಾನು ಅಳಿಸುವುದಿಲ್ಲ.